ಮುರಿದದ್ದು ಕಾಲು, ನಾಲಗೆಯಲ್ಲ

ಬೆಳಗೊಳದ ಕಾಲುವೆ ಏರಿಯ ಮೇಲೆ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡ ಹತ್ತನೆಯ ದಿನ ನಾನು ವಿಮಾನ ಹತ್ತಬೇಕಾಯಿತು. ದೂರದ ಊರಿನಲ್ಲಿ ಖಾಲಾ ಹಾಸಿಗೆ ಹಿಡಿದಿದ್ದರು. ರೈಲಿನಲ್ಲಿ ಹೋಗುವಷ್ಟು ವ್ಯವಧಾನ ಇರಲಿಲ್ಲ.

ಊರಿನಲ್ಲಿ ನನ್ನ ಕಾಲು ಎಲ್ಲರ ಕಾಳಜಿಯ ವಿಷಯವಾಗಿತ್ತು. ಪಕ್ಕದ ಮನೆಯ ಗೌರಕ್ಕ ದಿನಾ ಗಂಜಿ ತಂದರು. ಆಟೋದ ಹುಡುಗ ಹೊಸಿಲವರೆಗೂ ಗಾಡಿ ತಂದು ನಿಲ್ಲಿಸಿದ. ವಿಮಾನ ನಿಲ್ದಾಣದಲ್ಲಿ ಅದೇ ಕಾಲು ಸಂಶಯದ ವಸ್ತುವಾಯಿತು.

ಹೆಂಗಸರ ತಪಾಸಣೆಗೆಂದು ಅಲ್ಲಿ ಪರದೆ ಕಟ್ಟಿದ ಗೂಡಿದೆ. ನನ್ನ ಗಾಲಿಕುರ್ಚಿ ಅದರೊಳಗೆ ಹಿಡಿಸಲಿಲ್ಲ. ಸಿಬ್ಬಂದಿಯ ಹೆಣ್ಣುಮಗಳು ಕೇಳಿದ್ದು ನನ್ನನ್ನಲ್ಲ, ಕುರ್ಚಿ ತಳ್ಳುತ್ತಿದ್ದ ಹುಡುಗನನ್ನು: "ಇವರು ಎದ್ದು ನಿಲ್ತಾರಾ?"

"ಆಗೋದಿಲ್ಲಮ್ಮ" ಎಂದೆ. ಆಕೆ ಮತ್ತೆ ಹುಡುಗನ ಮುಖವನ್ನೇ ನೋಡಿದಳು. ಕೊನೆಗೆ ಪರದೆಯ ಹೊರಗೆ, ಸಾಲಿನಲ್ಲಿ ನಿಂತ ಗಂಡಸರ ಎದುರಿಗೇ, ಷಲ್ವಾರನ್ನು ಮೊಣಕಾಲಿನವರೆಗೆ ಎತ್ತಿ ಪ್ಲಾಸ್ಟರ್ ತೋರಿಸಬೇಕಾಯಿತು.

ತಪಾಸಣೆಯೇ ಬೇಡವೆಂದು ನಾನು ಹೇಳುತ್ತಿಲ್ಲ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ್ದನ್ನು ಯಾರು ಮರೆತಾರು? ಪ್ಲಾಸ್ಟರಿನೊಳಗೆ ಏನಾದರೂ ಬಚ್ಚಿಡಬಹುದೆಂಬ ಅನುಮಾನವನ್ನೂ ಒಪ್ಪುತ್ತೇನೆ. ಆದರೆ ಬಟ್ಟೆಯ ಚೂರಿನಿಂದ ಮೇಲೆ ಒರೆಸಿ ಸ್ಫೋಟಕದ ಕುರುಹು ಹುಡುಕುವ ಯಂತ್ರಗಳಿವೆ. ಬಾಗಿಲು ಮುಚ್ಚುವ ಒಂದು ಕೋಣೆಯಿದ್ದರೆ ಮಾನವೂ ಉಳಿಯುತ್ತದೆ. ದೇಶದ ಸುರಕ್ಷತೆಗೂ ಒಬ್ಬ ಹೆಣ್ಣಿನ ಮರ್ಯಾದೆಗೂ ಜಗಳವೇ ಇಲ್ಲ. ಜಗಳ ಹಚ್ಚುವುದು ನಮ್ಮ ಅಸಡ್ಡೆ.

ತಪಾಸಣೆಯ ಹೆಸರಿನಲ್ಲಿ ತಮ್ಮ ಕೃತಕ ಕಾಲನ್ನು ಮತ್ತೆ ಮತ್ತೆ ಬಿಚ್ಚಿಸುತ್ತಾರೆಂದು ನರ್ತಕಿ ಸುಧಾ ಚಂದ್ರನ್ 2021ರ ಅಕ್ಟೋಬರಿನಲ್ಲಿ ಪ್ರಧಾನಿಗೇ ಮೊರೆಯಿಟ್ಟರು. ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಕ್ಷಮೆ ಕೇಳಿತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕೃತಕ ಅಂಗ ಬಿಚ್ಚುವಂತೆ ಹೇಳಬಾರದು, ಒಪ್ಪಿಗೆಯಿಲ್ಲದೆ ಅಂಗವಿಕಲರನ್ನು ಎತ್ತಬಾರದು ಎಂದಿತು. ಇಷ್ಟಾದರೂ 2024ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಳಿದ 80 ವರ್ಷದ ಪ್ರಯಾಣಿಕರೊಬ್ಬರು ಗಾಲಿಕುರ್ಚಿ ಸಾಲದೆ ನಡೆದುಹೋಗಿ, ಕುಸಿದು ಪ್ರಾಣಬಿಟ್ಟರು. ವಿಮಾನ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಬಿತ್ತು. ದಂಡ ಕಟ್ಟಿದರೆ ಹೋದ ಜೀವ ಮರಳುತ್ತದೆಯೇ?

ಆರು ವಾರಕ್ಕೆ ನನ್ನ ಪ್ಲಾಸ್ಟರ್ ಬಿಚ್ಚಿದರು. ಈಗ ಏರಿಯ ಮೇಲೆ ಮತ್ತೆ ನಡೆಯುತ್ತೇನೆ. ನನ್ನದು ಆ ಲೋಕದಲ್ಲಿ ನಾಲ್ಕು ದಿನದ ನೆಂಟಸ್ತಿಕೆ. ಬದುಕಿಡೀ ಕುರ್ಚಿಯಲ್ಲೇ ಇರುವವರು ಪ್ರತಿ ಪ್ರಯಾಣದಲ್ಲೂ ಇದನ್ನು ನುಂಗಿಕೊಳ್ಳಬೇಕು. ಅವರ ಪರವಾಗಿ 2016ರಲ್ಲೇ ಹಕ್ಕುಗಳ ಕಾಯ್ದೆ ಬಂದಿದೆ. ಕಾಯ್ದೆಯನ್ನು ಗೋಡೆಗೆ ತೂಗುಹಾಕಿದರೆ ಸಾಲದು. ಕುರ್ಚಿ ಹಿಡಿಸುವಷ್ಟು ಆ ಗೂಡನ್ನು ಅಗಲ ಮಾಡಿ. ಅದಕ್ಕೆ ಹಣ ಬೇಕು, ಸಮಯ ಬೇಕು ಎನ್ನುವಿರಾದರೆ ಕಾಯೋಣ. ಆದರೆ ತಳ್ಳುವವನನ್ನು ಬಿಟ್ಟು ಕೂತವರ ಮುಖ ನೋಡಿ ಮಾತಾಡಲು ಯಾವ ಬಜೆಟ್ಟೂ ಬೇಡ. ಅದನ್ನು ಇವತ್ತೇ ಶುರು ಮಾಡಿ.