ಉಬ್ಬಸದ ಮಗು ಮತ್ತು ನಮ್ಮ ಬಾಣಲೆ

ಮನೆಯಲ್ಲಿ ಅಸ್ತಮಾ ಇರುವ ಮಗುವಿದ್ದರೆ ನೀವು ಈಗಾಗಲೇ ಅದರ ಊಟದಿಂದ ಹಲವನ್ನು ತೆಗೆದಿರುತ್ತೀರಿ. ಬಾಳೆಹಣ್ಣು ಬೇಡ, ಕಫವಾಗುತ್ತದೆ. ಮೊಸರು ಬೇಡ, ತಂಪು. ಕಿತ್ತಳೆ ಬೇಡ, ದ್ರಾಕ್ಷಿ ಬೇಡ. ಆದರೆ ಸಂಜೆ ಐದು ಗಂಟೆಗೆ ಅದೇ ಮಗುವಿನ ಕೈಯಲ್ಲಿ ಸಮೋಸ ಇರುತ್ತದೆ, ಪಫ್ಸ್ ಇರುತ್ತದೆ, ಪ್ಯಾಕೆಟ್ ಚಿಪ್ಸ್ ಇರುತ್ತದೆ. ಅದನ್ನು ಯಾರೂ ಬೇಡವೆನ್ನುವುದಿಲ್ಲ. ನಾವು ತಪ್ಪಾದುದನ್ನು ನಿಲ್ಲಿಸುತ್ತಿದ್ದೇವೆ, ನಿಲ್ಲಿಸಬೇಕಾದುದನ್ನು ಬಿಟ್ಟುಬಿಟ್ಟಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ದೀರ್ಘಕಾಲ ಗಮನಿಸಿ ದಾಖಲಿಸಿದ ಲೆಕ್ಕವೊಂದಿದೆ. 1979ರಲ್ಲಿ ಆ ಮಕ್ಕಳಲ್ಲಿ ಶೇ. 9ರಷ್ಟಿದ್ದ ಅಸ್ತಮಾ 1999ರ ಹೊತ್ತಿಗೆ ಶೇ. 29.5ಕ್ಕೆ ಏರಿತ್ತು. ಇದು ಆಸ್ಪತ್ರೆಯ ಲೆಕ್ಕ, ಇಡೀ ಊರಿನದಲ್ಲ. ಆದರೂ ಇಪ್ಪತ್ತು ವರ್ಷಗಳಲ್ಲಿ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದುದು ಗಾಳಿ, ಮನೆ ಮತ್ತು ಊಟ. ಇವುಗಳಲ್ಲಿ ವಾಹನಗಳ ಹೊಗೆಯನ್ನು ನೀವೊಬ್ಬರೇ ನಿಲ್ಲಿಸಲಾರಿರಿ. ಊಟ ಮಾತ್ರ ನಿಮ್ಮ ಕೈಯಲ್ಲಿದೆ.

ಕೊಬ್ಬಿಗೂ ಉಸಿರಿಗೂ ಏನು ಸಂಬಂಧ?

ಅಸ್ತಮಾ ಎಂದರೆ ಶ್ವಾಸನಾಳದ ಒಳಗೋಡೆಯಲ್ಲಿ ಸದಾ ಇರುವ ಉರಿಯೂತ. ಧೂಳು, ಹೊಗೆ ಅಥವಾ ಶೀತ ತಗಲಿದೊಡನೆ ನಾಳ ಬಿಗಿಯುತ್ತದೆ, ಒಳಗೆ ಲೋಳೆ ತುಂಬುತ್ತದೆ, ಎದೆ ಸುಂಯ್‌ಗುಡುತ್ತದೆ.

ನಾವು ತಿನ್ನುವ ಕೊಬ್ಬು ಬರೀ ಸೊಂಟದ ಸುತ್ತ ಸೇರಿಕೊಳ್ಳುವುದಿಲ್ಲ. ದೇಹದ ಪ್ರತಿ ಜೀವಕೋಶದ ಹೊರಪದರ ಕೊಬ್ಬಿನಿಂದಲೇ ಆದುದು, ಅದರಲ್ಲೂ ಅದು ಸೇರುತ್ತದೆ. ಸೂರ್ಯಕಾಂತಿ, ಸೋಯಾ, ಜೋಳದ ಎಣ್ಣೆಗಳಲ್ಲಿ ಒಮೆಗಾ-6 ಎಂಬ ಕೊಬ್ಬಿನಾಮ್ಲ ಹೇರಳ. ಇದರಿಂದ ದೇಹದಲ್ಲಿ ಲ್ಯುಕೋಟ್ರೈನ್ ಎಂಬ ರಾಸಾಯನಿಕ ತಯಾರಾಗಬಲ್ಲದು. ಶ್ವಾಸನಾಳವನ್ನು ಬಿಗಿಯುವ ರಾಸಾಯನಿಕಗಳಲ್ಲಿ ಅದೂ ಒಂದು. ವೈದ್ಯರು ಬರೆದುಕೊಡುವ ಮಾಂಟೆಲುಕಾಸ್ಟ್ ಮಾತ್ರೆ ಕೆಲಸ ಮಾಡುವುದು ಇದೇ ಲ್ಯುಕೋಟ್ರೈನನ್ನು ತಡೆದು. ಬಂಗುಡೆ, ಬೂತಾಯಿಯಂತಹ ಎಣ್ಣೆಯಂಶದ ಮೀನುಗಳಲ್ಲಿರುವ ಒಮೆಗಾ-3 ಇದಕ್ಕೆ ಪೈಪೋಟಿ ಕೊಡುತ್ತದೆ. ಅದರಿಂದ ತಯಾರಾಗುವ ಲ್ಯುಕೋಟ್ರೈನ್ ಬಹಳ ದುರ್ಬಲ.

ಹಾಗೆಂದು ಒಮೆಗಾ-6 ವಿಷವಲ್ಲ. ಅದೂ ದೇಹಕ್ಕೆ ಬೇಕು. ಆದರೆ ತೂಕದ ಒಂದು ತಟ್ಟೆಯನ್ನು ತುಂಬುತ್ತಲೇ ಹೋಗಿ ಇನ್ನೊಂದನ್ನು ಖಾಲಿ ಬಿಟ್ಟರೆ ಸಮತೋಲ ತಪ್ಪುತ್ತದೆ.

ಅಧ್ಯಯನಗಳು ಹೇಳುವುದೇನು?

ವಿವಿಧ ದೇಶಗಳ ಮೂರು ಲಕ್ಷಕ್ಕೂ ಹೆಚ್ಚು ಹದಿಹರೆಯದವರನ್ನೂ ಸುಮಾರು 1.8 ಲಕ್ಷ ಸಣ್ಣ ಮಕ್ಕಳನ್ನೂ ಒಳಗೊಂಡ ಐಸ್ಯಾಕ್ ಎಂಬ ಅಂತಾರಾಷ್ಟ್ರೀಯ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಅಥವಾ ಹೆಚ್ಚು ಬಾರಿ ಫಾಸ್ಟ್ ಫುಡ್ ತಿನ್ನುವ ಹದಿಹರೆಯದವರಲ್ಲಿ ತೀವ್ರ ಅಸ್ತಮಾದ ಸಂಭವ ಶೇ. 39ರಷ್ಟು, ಆರೇಳು ವರ್ಷದ ಮಕ್ಕಳಲ್ಲಿ ಶೇ. 27ರಷ್ಟು ಹೆಚ್ಚಿತ್ತು. ವಾರಕ್ಕೆ ಮೂರು ಬಾರಿಯಾದರೂ ಹಣ್ಣು ತಿನ್ನುವ ಮಕ್ಕಳಲ್ಲಿ ಅದು ಕಡಿಮೆಯಿತ್ತು. ಅಂದರೆ ನಾವು ಕಿತ್ತುಕೊಂಡ ಹಣ್ಣು ರಕ್ಷಣೆಯ ಕಡೆಗಿದೆ, ನಾವು ಕೊಟ್ಟ ಕರಿದ ತಿಂಡಿ ಅಪಾಯದ ಕಡೆಗಿದೆ!

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಆದರೆ ಆಸ್ಟ್ರೇಲಿಯದ ಸಂಶೋಧಕರು 2011ರಲ್ಲಿ ನೇರವಾಗಿ ಪರೀಕ್ಷಿಸಿ ನೋಡಿದರು. ಅಸ್ತಮಾ ಇರುವ ವಯಸ್ಕರಿಗೆ ಕೊಬ್ಬು ತುಂಬಿದ ಒಂದು ಊಟ ಕೊಟ್ಟರು. ನಾಲ್ಕೇ ತಾಸಿನಲ್ಲಿ ಶ್ವಾಸನಾಳದ ಉರಿಯೂತ ಏರಿತು. ನಾಳವನ್ನು ಸಡಿಲಿಸುವ ಔಷಧದ ಪರಿಣಾಮವೂ ಕುಗ್ಗಿತು. ಅವರು ವಯಸ್ಕರು, ನಿಜ. ಆದರೂ ಮದುವೆಯ ಊಟ ಮುಗಿಸಿ ಬಂದ ರಾತ್ರಿ ಮಗುವಿಗೆ ಉಬ್ಬಸ ಹೆಚ್ಚುವುದನ್ನು ಕಂಡ ತಾಯಿ ಇದನ್ನು ಒಮ್ಮೆ ಯೋಚಿಸಬೇಕು.

ಇನ್ನು ಮೀನಿನ ವಿಷಯ. ಗ್ರೀಸ್ ದೇಶದ ಅಥೆನ್ಸ್‌ನಲ್ಲಿ ಅಸ್ತಮಾ ಇದ್ದ 5ರಿಂದ 12 ವರ್ಷದ 64 ಮಕ್ಕಳ ಮೇಲೆ ಪ್ರಯೋಗ ನಡೆದು 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಮಕ್ಕಳಿಗೆ ಆರು ತಿಂಗಳು ವಾರಕ್ಕೆ ಎರಡು ಬಾರಿ ಎಣ್ಣೆಯಂಶದ ಮೀನಿನ ಊಟ ಕೊಡಲಾಯಿತು. ಶ್ವಾಸನಾಳದ ಉರಿಯೂತದ ಅಳತೆ ಇಳಿಯಿತು. ಆದರೆ ಶ್ವಾಸಕೋಶದ ಸಾಮರ್ಥ್ಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮೀನೆಣ್ಣೆಯ ಕ್ಯಾಪ್ಸೂಲ್ ಕೊಟ್ಟು ನಡೆಸಿದ ಪ್ರಯೋಗಗಳನ್ನು 2002ರಲ್ಲಿ ಕಾಕ್ರನ್ ಸಂಸ್ಥೆ ಒಟ್ಟುಗೂಡಿಸಿ ನೋಡಿದಾಗ ಖಚಿತ ಲಾಭವೇನೂ ಕಾಣಲಿಲ್ಲ.

ಇದರಿಂದ ನಾನು ತೆಗೆಯುವ ತೀರ್ಮಾನ ಸರಳ. ಮೀನು ಒಳ್ಳೆಯ ಊಟ, ಆದರೆ ಅದು ಔಷಧವಲ್ಲ. ದುಬಾರಿ ಕ್ಯಾಪ್ಸೂಲಿಗೆ ಸುರಿಯುವ ಹಣದಲ್ಲಿ ಬಂಗುಡೆ ತನ್ನಿ, ಬೂತಾಯಿ ತನ್ನಿ. ಕರಿಯುವುದಕ್ಕಿಂತ ಸಾರು ಮಾಡಿ, ಪುಳಿಮುಂಚಿ ಮಾಡಿ. ಮೀನು ಸಿಗದ ಊರುಗಳಲ್ಲಿ ಅಗಸಿ ಚಟ್ನಿ ಪುಡಿ ಇದೆ. ಅಗಸೆಯಲ್ಲಿರುವ ಒಮೆಗಾ-3 ಮೀನಿನದರಷ್ಟು ಪರಿಣಾಮಕಾರಿಯಲ್ಲದಿದ್ದರೂ ಚಿಪ್ಸ್‌ಗಿಂತ ಎಷ್ಟೋ ಮೇಲು. ಮಗುವಿಗೆ ಮೀನಿನ ಅಲರ್ಜಿ ಇದ್ದರೆ ಮಾತ್ರ ಅದನ್ನು ಮುಟ್ಟಿಸಬೇಡಿ.

ಬಾಣಲೆಯ ಹಳೆ ಎಣ್ಣೆ

ವನಸ್ಪತಿಯಲ್ಲಿರುವ ಟ್ರಾನ್ಸ್ ಕೊಬ್ಬಿನ ಬಗ್ಗೆ 1999ರಲ್ಲೇ ಯುರೋಪಿನ ಅಧ್ಯಯನವೊಂದು ಎಚ್ಚರಿಸಿತ್ತು. ಅದರ ಸೇವನೆ ಹೆಚ್ಚಿದ್ದ ಕಡೆ ಮಕ್ಕಳಲ್ಲಿ ಅಸ್ತಮಾವೂ ಹೆಚ್ಚು ಕಂಡಿತ್ತು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂದು ನಿಗದಿಪಡಿಸಿದೆ. ಪದೇ ಪದೇ ಕಾಯಿಸಿ ಕೆಟ್ಟ ಎಣ್ಣೆಗೂ 2018ರಿಂದ ಮಿತಿಯಿದೆ. ಆದರೆ ಕಾನೂನು ನಿಮ್ಮ ಅಡುಗೆಮನೆಗೆ ಬಂದು ಬಾಣಲೆಯನ್ನು ಇಣುಕಿ ನೋಡುವುದಿಲ್ಲ. ಎಣ್ಣೆ ಕಪ್ಪಾಗಿದೆಯೇ? ನೊರೆ ಬರುತ್ತಿದೆಯೇ? ಬೇಗ ಹೊಗೆಯಾಡುತ್ತಿದೆಯೇ? ಹಾಗಾದರೆ ಅದನ್ನು ಮತ್ತೆ ಬಳಸಬೇಡಿ. ಕರಿಯುವಾಗ ಏಳುವ ಹೊಗೆಯೇ ಮಗುವಿಗೆ ಉಬ್ಬಸ ಬರಿಸಬಲ್ಲದು. ಆ ಹೊತ್ತಿನಲ್ಲಿ ಕಿಟಕಿ ತೆರೆದಿಡಿ, ಮಗುವನ್ನು ಹೊರಗೆ ಕಳುಹಿಸಿ. ಲೋಬಾನದ ಹೊಗೆಗೂ ಇದೇ ಮಾತು ಅನ್ವಯಿಸುತ್ತದೆ. ಸುಗಂಧ ನಮಗೆ ಪ್ರಿಯ, ಆದರೆ ಮಗುವಿನ ಉಸಿರು ಅದಕ್ಕಿಂತ ಪ್ರಿಯ.

ರಮಝಾನ್ ಬಂದರೆ ಈ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ಸಮೋಸ, ಪಕೋಡ, ಕಟ್ಲೆಟ್ ಇಲ್ಲದೆ ಇಫ್ತಾರ್ ಅಪೂರ್ಣವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಖರ್ಜೂರ ಮತ್ತು ನೀರಿನಿಂದ ಉಪವಾಸ ಬಿಡುವ ಪ್ರವಾದಿ(ಸ)ಚರ್ಯೆಗೂ ಮೂವತ್ತು ದಿನ ಕರಿದುದನ್ನು ತಿನ್ನುವ ನಮ್ಮ ರೂಢಿಗೂ ಏನು ಸಂಬಂಧ? ನಾವು ಮಾಂಸ ಹಲಾಲೇ ಎಂದು ನೂರು ಬಾರಿ ವಿಚಾರಿಸುತ್ತೇವೆ. ಅದು ಬೆಂದ ಎಣ್ಣೆ ಎಷ್ಟನೇ ದಿನದ್ದು ಎಂದು ಒಮ್ಮೆಯೂ ಕೇಳುವುದಿಲ್ಲ. ಕುರ್‌ಆನ್ ಹಲಾಲ್ ಜೊತೆಗೆ ತಯ್ಯಿಬ್ ಅನ್ನೂ ಹೇಳಿದೆ. ಉತ್ತಮವಾದುದು, ಶುದ್ಧವಾದುದು ಎಂದು ಅದರ ಅರ್ಥ. ಮಸೀದಿಯ ಇಫ್ತಾರ್ ವ್ಯವಸ್ಥೆ ನೋಡಿಕೊಳ್ಳುವ ಸಹೋದರರು ಈ ವರ್ಷ ಕರಿದ ತಿಂಡಿಯ ಬದಲು ಹಣ್ಣಿನ ತಟ್ಟೆಯನ್ನು ಮುಂದಿಟ್ಟರೆ ಅದೊಂದು ದೊಡ್ಡ ಸೇವೆ.

ಇನ್‌ಹೇಲರ್ ಬಿಡಬೇಡಿ

ಇಷ್ಟೆಲ್ಲ ಓದಿದ ಮೇಲೆ, ಇನ್ನು ಊಟ ಬದಲಿಸಿದರೆ ಸಾಕು, ಔಷಧ ಬೇಡ ಎಂದು ಯಾರಾದರೂ ಭಾವಿಸಿದರೆ ಈ ಲೇಖನದಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಇನ್‌ಹೇಲರ್ ಚಟವಾಗುತ್ತದೆ ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದು ಚಟವಾಗುವುದಿಲ್ಲ. ಅದರ ಔಷಧ ಮೈಕ್ರೋಗ್ರಾಮ್ ಲೆಕ್ಕದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಆದ್ದರಿಂದಲೇ ಮಾತ್ರೆ, ಸಿರಪ್‌ಗಳಿಗಿಂತ ಕಡಿಮೆ ಪ್ರಮಾಣ ಸಾಕಾಗುತ್ತದೆ. ಕರಿಜೀರಿಗೆಯ ಎಣ್ಣೆ ಕುಡಿಸಿ ಇನ್‌ಹೇಲರನ್ನು ಕಪಾಟಿನಲ್ಲಿಡುವವರಿದ್ದಾರೆ. ಕರಿಜೀರಿಗೆಯನ್ನು ಹೊಗಳಿದ ಪ್ರವಾದಿ(ಸ)ಯವರೇ ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದೂ ಕಲಿಸಿದ್ದಾರೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಸುನ್ನತ್ ಅಲ್ಲ. ಮಗು ಮಾತಾಡಲಾರದಷ್ಟು ಏದುಸಿರು ಬಿಡುತ್ತಿದ್ದರೆ, ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಯಾವ ಮನೆಮದ್ದಿಗೂ ಕಾಯದೆ ಆಸ್ಪತ್ರೆಗೆ ಧಾವಿಸಿ.

ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಈ ವಾರ ಮೂರು ಕೆಲಸ ಮಾಡಿ. ಬಾಣಲೆಯ ಹಳೆ ಎಣ್ಣೆಯನ್ನು ತೊಲಗಿಸಿ, ಎರಡು ದಿನ ಮೀನಿನ ಸಾರು ಮಾಡಿ, ನಿಲ್ಲಿಸಿದ್ದ ಹಣ್ಣಿನ ಬಗ್ಗೆ ವೈದ್ಯರಲ್ಲಿ ಕೇಳಿ ಮತ್ತೆ ಕೊಡಿ. ಇನ್‌ಹೇಲರ್ ಅದರ ಹೊತ್ತಿಗೆ ಸರಿಯಾಗಿ ನಡೆಯಲಿ. ಗುಣ ಕೊಡುವವನು ಅಲ್ಲಾಹನು, ಪ್ರಯತ್ನ ನಮ್ಮದು.