ಒಡೆಯುವ ಕಿಣ್ವ ಕಟ್ಟುವುದೂ ಉಂಟು

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಅಕ್ಕಿ ಗಿರಣಿ ಕಂಡವರಿಗೆ ತೌಡು ಹೊಸದಲ್ಲ. ಅದರಲ್ಲಿ ನೂರಕ್ಕೆ 15ರಿಂದ 20 ಭಾಗ ಎಣ್ಣೆ ಇರುತ್ತದೆ. ಆದರೆ ಹಸಿ ತೌಡನ್ನು ಹಾಗೆಯೇ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ. ತಡವಾದರೆ ಅದರ ಎಣ್ಣೆ ಅಡುಗೆಗೆ ಬಾರದೆ ಸಾಬೂನಿನ ಪಾಲಾಗುತ್ತದೆ.

ಕಾರಣ, ಲೈಪೇಸ್ ಎಂಬ ಕಿಣ್ವ. ಕಾಳಿನಲ್ಲಿ ಎಣ್ಣೆ ಮತ್ತು ಕಿಣ್ವ ಬೇರೆ ಬೇರೆ ಪದರಗಳಲ್ಲಿರುತ್ತವೆ. ಪಾಲಿಷ್ ಮಾಡುವಾಗ ಬೆರೆಯುತ್ತವೆ. ಆಗ ಕಿಣ್ವವು ನೀರಿನಂಶದ ನೆರವಿನಿಂದ ಎಣ್ಣೆಯನ್ನು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗಿ ಒಡೆಯುತ್ತದೆ. (ಕುಚ್ಚಲಕ್ಕಿಯ ತೌಡಿಗೆ ಈ ಕಾಟ ಕಡಿಮೆ, ಭತ್ತ ಬೇಯುವಾಗಲೇ ಕಿಣ್ವ ನಿಷ್ಕ್ರಿಯವಾಗಿರುತ್ತದೆ.) ಮನುಷ್ಯನ ಮೇದೋಜ್ಜೀರಕ ಗ್ರಂಥಿಯ ಲೈಪೇಸ್ ಊಟದ ಕೊಬ್ಬಿಗೆ ಮಾಡುವುದೂ ಇದೇ ಬಗೆಯ ಕೆಲಸ.

'ಲೈಪೇಸ್ ಕೊಬ್ಬನ್ನು ಒಡೆಯುತ್ತದೆ' ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಅದು ಅರ್ಧ ಉತ್ತರ. ಕಿಣ್ವ ಕೇವಲ ವೇಗವರ್ಧಕ. ಕ್ರಿಯೆ ಯಾವ ದಿಕ್ಕಿಗೆ ಸಾಗಬೇಕೆಂದು ಅದು ತೀರ್ಮಾನಿಸುವುದಿಲ್ಲ; ಎರಡೂ ದಿಕ್ಕಿಗೆ ವೇಗ ಕೊಡುತ್ತದೆ. ಅಮೆರಿಕದ ಕ್ಯಾಸಲ್ ಮತ್ತು ಲೋವನ್‌ಹಾರ್ಟ್ 1900ರಲ್ಲೇ ಲೈಪೇಸ್ ಬಳಸಿ ಆಮ್ಲವನ್ನೂ ಆಲ್ಕೊಹಾಲನ್ನೂ ಕೂಡಿಸಿ ಎಸ್ಟರ್ ಮಾಡಿ ತೋರಿಸಿದ್ದರು.

ಎಸ್ಟರ್ ಕೂಡುವಾಗ ಒಂದು ನೀರಿನ ಅಣು ಹೊರಬೀಳುತ್ತದೆ. ಹಾಗಾದರೆ ಸುತ್ತಲೂ ನೀರೇ ಇರುವಲ್ಲಿ ಕ್ರಿಯೆ ಹಿಂದಕ್ಕೆ ಹೋಗಬೇಕಲ್ಲವೇ? ಸಣ್ಣ ಅಣುಗಳಾದರೆ ಬಹುಮಟ್ಟಿಗೆ ಹೌದು. ಉದ್ದ ಸರಪಳಿಯ ಅಣುಗಳ ಕಥೆಯೇ ಬೇರೆ. ಜಗಳೂರಿನ ಶೇಂಗಾ ಎಣ್ಣೆಯನ್ನು ಒಡೆದರೆ ಹೇರಳವಾಗಿ ಸಿಗುವ ಓಲಿಕ್ ಆಮ್ಲವನ್ನೇ ತೆಗೆದುಕೊಳ್ಳಿ. ಅದರಲ್ಲಿ 18 ಇಂಗಾಲದ ಪರಮಾಣುಗಳ ಸರಪಳಿ ಇದೆ. ಅಷ್ಟೇ ಉದ್ದದ ಓಲೈಲ್ ಆಲ್ಕೊಹಾಲಿನೊಡನೆ ನೀರಿಗೆ ಹಾಕಿ ಕಲಕಿದರೆ ಎರಡೂ ಕರಗದೆ ಸಣ್ಣ ಸಣ್ಣ ಹನಿಗಳಾಗುತ್ತವೆ. ಲೈಪೇಸ್ ನಿಲ್ಲುವುದು ಹನಿ ಮತ್ತು ನೀರಿನ ಗಡಿಯಲ್ಲಿ. ಹನಿಯೊಳಗೆ ಆಮ್ಲ, ಆಲ್ಕೊಹಾಲ್ ಕಿಕ್ಕಿರಿದಿವೆ, ನೀರು ಅತ್ಯಲ್ಪ. ಹೊಸದಾಗಿ ಹುಟ್ಟಿದ ನೀರು ಆಚೆ ಜಾರುತ್ತದೆ, ಎಸ್ಟರ್ ಒಳಗೇ ಉಳಿಯುತ್ತದೆ. ನೀರಿನ ಪಾತ್ರೆಯಲ್ಲಿಯೇ ಮೇಣದ ಎಸ್ಟರ್ ತಯಾರು!

ಕರುಳಿನಲ್ಲಿ ಹೀಗೇಕೆ ಆಗದು? ಅಲ್ಲಿ ಒಡೆದು ಬಂದ ಕೊಬ್ಬಿನಾಮ್ಲವನ್ನೂ ಮೊನೊಗ್ಲಿಸರೈಡನ್ನೂ ಪಿತ್ತರಸದ ಲವಣಗಳು ಹೊತ್ತೊಯ್ಯುತ್ತವೆ. ಮತ್ತೆ ಕೂಡಲು ಸಾಮಗ್ರಿಯೇ ಉಳಿಯುವುದಿಲ್ಲ.

ಹಿಂದೆ ಮೇಣದ ಎಸ್ಟರಿಗಾಗಿ ಸ್ಪರ್ಮ್ ತಿಮಿಂಗಿಲಗಳನ್ನು ಕೊಲ್ಲುತ್ತಿದ್ದರು. ಇಂದು ಮುಖಕ್ಕೆ ಹಚ್ಚುವ ಕ್ರೀಮುಗಳಿಗೆ ಬೇಕಾದ ಇಂಥ ಕೆಲವು ಎಸ್ಟರುಗಳನ್ನು ಕಾರ್ಖಾನೆಗಳಲ್ಲಿ ಲೈಪೇಸಿನಿಂದಲೇ ಮಾಡುತ್ತಾರೆ. ಅಲ್ಲಿ ಸಾಮಾನ್ಯವಾಗಿ ನೀರನ್ನು ಹೊರಗೆ ಎಳೆಯುತ್ತಾರೆ. ಅದಕ್ಕೆ ಶಾಖ, ಪಂಪು ಎಲ್ಲ ಬೇಕು. ನೀರಿನಲ್ಲೇ ಕೆಲಸ ಸಾಗಿದರೆ ಅಷ್ಟು ಖರ್ಚು ಉಳಿದೀತು.

ಅಂದಹಾಗೆ, ಶುದ್ಧೀಕರಿಸದ ತೌಡಿನ ಎಣ್ಣೆ ತಣ್ಣಗಾದಾಗ ಮಸುಕಾಗುವುದೂ ಮೇಣದ ಎಸ್ಟರಿನಿಂದಲೇ. ಆದರೆ ಅದನ್ನು ಕಟ್ಟಿದ್ದು ಲೈಪೇಸ್ ಅಲ್ಲ, ಭತ್ತದ ಗಿಡದ ಬೇರೆಯೇ ಕಿಣ್ವಗಳು.