ಬಾಡಿಗೆಯ ಕ್ಲೌಡೂ ಬಿಚ್ಚಿ ನೋಡುವ ಕ್ಲೌಡೂ

‘ಕ್ಲೌಡ್’ ಎಂಬ ಹೆಸರು ವಿದ್ಯಾರ್ಥಿಗಳಲ್ಲಿ ಒಂದು ತಪ್ಪು ಭಾವನೆಯನ್ನು ಬೇರೂರಿಸಿದೆ. ಅದು ಆಕಾಶದಲ್ಲೆಲ್ಲೋ ತೇಲುವ ವಸ್ತುವಲ್ಲ. ದೊಡ್ಡ ಕೊಠಡಿಗಳಲ್ಲಿ ಸಾಲಾಗಿ ನಿಲ್ಲಿಸಿದ ಗಣಕಯಂತ್ರಗಳು, ಅವುಗಳ ಶಕ್ತಿಯನ್ನು ಕೇಳಿದವರಿಗೆ ಕೇಳಿದಷ್ಟು ಅಳೆದು ಹಂಚುವ ತಂತ್ರಾಂಶ, ಇವೆರಡು ಕೂಡಿದರೆ ಕ್ಲೌಡ್. ಅಷ್ಟೊಂದು ಯಂತ್ರಗಳನ್ನು ಕೊಳ್ಳುವ ಹಣ ನಮ್ಮ ಕಾಲೇಜುಗಳಲ್ಲಿಲ್ಲ, ನಿಜ. ಹಂಚುವ ತಂತ್ರಾಂಶವಾದರೋ ಬಿಟ್ಟಿಯಾಗಿಯೇ ದೊರೆಯುತ್ತದೆ. ಹೀಗಿರಲು ಬಾಡಿಗೆಯ ಕ್ಲೌಡಿನಲ್ಲಿ ಗುಂಡಿಯೊತ್ತುವುದನ್ನಷ್ಟೇ ಕಲಿಸಿ ಸುಮ್ಮನಾಗುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಅಂತಹ ತಂತ್ರಾಂಶಗಳಲ್ಲಿ ಓಪನ್‌ಸ್ಟ್ಯಾಕ್ ಒಂದು. ೨೦೧೦ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೂ ರ‍್ಯಾಕ್‌ಸ್ಪೇಸ್ ಕಂಪನಿಯೂ ಕೂಡಿ ಇದನ್ನು ಆರಂಭಿಸಿದವು. ಇದರ ಪ್ರತಿಯೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಜಿನೀವಾ ನಗರದ ಬಳಿಯ ಸರ್ನ್ ಪ್ರಯೋಗಾಲಯವು ೨೦೧೩ರಿಂದ ತನ್ನ ಗಣನಕಾರ್ಯಕ್ಕೆ ಇದನ್ನು ನೆಚ್ಚಿಕೊಂಡಿದೆ.

ನೀವು ಇದರಲ್ಲಿ ಒಂದು ಯಂತ್ರ ಬೇಕೆಂದು ಕೇಳಿದಿರೆನ್ನಿ. ಕೀಸ್ಟೋನ್ ಎಂಬ ಭಾಗವು ದ್ವಾರಪಾಲಕನಂತೆ ನಿಮ್ಮ ಗುರುತನ್ನು ಪರೀಕ್ಷಿಸುತ್ತದೆ. ಯಾವ ಗಣಕದಲ್ಲಿ ಜಾಗ ತೆರವಿದೆಯೆಂದು ನೋಡಿ, ಅದರೊಳಗೆ ಒಂದು ಕಲ್ಪಿತ ಯಂತ್ರವನ್ನು ಎಬ್ಬಿಸುವುದು ನೋವಾ. ಅದಕ್ಕೆ ಬೇಕಾದ ಅಚ್ಚನ್ನು ಗ್ಲಾನ್ಸ್ ಒದಗಿಸುತ್ತದೆ. ವಿಳಾಸ ಕೊಟ್ಟು ಜಾಲಕ್ಕೆ ಸೇರಿಸುವುದು ನ್ಯೂಟ್ರಾನ್. (ಹೆಸರನ್ನು ಕಂಡು ಪರಮಾಣುವಿನ ಗರ್ಭವನ್ನು ನೆನೆಯಬೇಕಾಗಿಲ್ಲ!) ಬಾಡಿಗೆಯ ಕ್ಲೌಡಿನಲ್ಲಿಯೂ ಇಂತಹುದೇ ವ್ಯಾಪಾರ ನಡೆಯುತ್ತದೆ, ಆದರೆ ಪರದೆಯ ಹಿಂದೆ.

ಆರಂಭಿಸುವವರಿಗೆ ಡೆವ್‌ಸ್ಟ್ಯಾಕ್ ಎಂಬ ಸಾಧನವಿದೆ. ಲಿನಕ್ಸ್ ಇರುವ ಒಂದೇ ಗಣಕದ ಮೇಲೆ ಇದು ಈ ಭಾಗಗಳನ್ನೆಲ್ಲ ಹೂಡುತ್ತದೆ. ೮ ಜಿಬಿಯಷ್ಟಾದರೂ ಸ್ಮೃತಿ ಇದ್ದರೆ ಒಳ್ಳೆಯದು. ಗಣಕದ ಏರ್ಪಾಡನ್ನೇ ಅದು ಬದಲಿಸುವುದರಿಂದ ನಿಮ್ಮ ಕಡತಗಳಿರುವ ಯಂತ್ರದಲ್ಲಿ ಮಾತ್ರ ಇದನ್ನು ಹೂಡಕೂಡದು. ಮೊದಲ ಸಲವೇ ಎಲ್ಲವೂ ನೆಟ್ಟಗಾಗುವುದು ಅಪರೂಪ. ಎಲ್ಲಿ ನಿಂತಿತೆಂದು ದಾಖಲೆಯ ಸಾಲುಗಳನ್ನು ಓದುತ್ತ ಹುಡುಕುವಾಗ ಕಲಿಯುವಷ್ಟನ್ನು ತರಗತಿಯ ಉಪನ್ಯಾಸ ಕಲಿಸಲಾರದು.

ಉದ್ಯೋಗಕ್ಕೆ ಬೇಕಾದುದು ಬಾಡಿಗೆಯ ಕ್ಲೌಡಿನ ಪರಿಚಯವೇ ಎಂದು ಕೆಲವರು ಆಕ್ಷೇಪಿಸುವರು. ಮಾತು ಸುಳ್ಳಲ್ಲ. ಆದರೆ ಅಲ್ಲಿ ಯಂತ್ರವನ್ನು ಆರಿಸಲು ಮರೆತರೆ ಬಾಡಿಗೆ ಏರುತ್ತ ಹೋಗುತ್ತದೆ. ಹಣದ ಭಯವಿದ್ದೆಡೆ ಪ್ರಯೋಗಕ್ಕೆ ಕೈಬಾರದು. ಆದುದರಿಂದ ನಾಲ್ಕೈದು ಮಂದಿ ಕೂಡಿ ಪ್ರಾಚಾರ್ಯರನ್ನು ಕೇಳಿ, ಮೂಲೆ ಸೇರಿದ ಒಂದು ಗಣಕವನ್ನು ಪಡೆಯಿರಿ. ಅದರೊಳಗೆ ಎರಡು ಕಲ್ಪಿತ ಯಂತ್ರಗಳನ್ನು ಎಬ್ಬಿಸಿ, ಒಂದರಿಂದ ಇನ್ನೊಂದಕ್ಕೆ ಸಂದೇಶ ತಲುಪುವುದೇ ಎಂದು ಮೊದಲು ಪರೀಕ್ಷಿಸಿ.